ಮರ ಕಡಿದಾಯಿತು, ಬುಡ ಏನು ಮಾಡೋದು?

ನಮ್ಮ ಮನೆ ಅಂಗಳದ ಮೂಲೆಯಲ್ಲಿ ಒಂದು ಸಿಲ್ವರ್ ಓಕ್ ಮರ ಇತ್ತು. ಪ್ರತಿ ಮಳೆಗಾಲಕ್ಕೂ ಹೆಂಚಿನ ಕಡೆ ಇನ್ನಷ್ಟು ವಾಲುತ್ತಿತ್ತು. ಒಂದು ಮೇ ತಿಂಗಳಲ್ಲಿ ಮಿಷನ್ ಗರಗಸದವರನ್ನು ಕರೆಸಿ ಉರುಳಿಸಿದೆವು. ಬೆಳಿಗ್ಗೆ ಒಂಬತ್ತಕ್ಕೆ ಬಂದವರು ಹನ್ನೊಂದಕ್ಕೆ ಕಾಫಿ ಕುಡಿದು, ದುಡ್ಡು ಎಣಿಸಿಕೊಂಡು ಹೊರಟರು. ಉಳಿದದ್ದು ಎರಡಡಿ ಎತ್ತರದ ಬೊಡ್ಡೆ, ಅಂಗಳದ ತುಂಬ ಎಡವಿಸುವ ಬೇರು. ಮರ ಬೀಳಿಸಲು ಎರಡು ಗಂಟೆ ಸಾಕಾಯಿತು. ಬುಡದ ಜೊತೆ ನಾನು ಒದ್ದಾಡಿದ್ದು ಒಂದೂವರೆ ವರ್ಷ.

ಅದರಲ್ಲಿ ಒಂದು ವರ್ಷ ಪೂರ್ತಿ ನನ್ನ ದಡ್ಡತನಕ್ಕೇ ಹೋಯಿತು. ಅದನ್ನೂ ಸೇರಿಸಿಯೇ ಹೇಳುತ್ತೇನೆ.

ಗುದ್ದಲಿ ಎತ್ತುವ ಮೊದಲು ಜಾಗ ನೋಡಿ

ಬುಡ ಉಳಿದರೆ ಕೀಳಲೇಬೇಕು ಅಂತೇನಿಲ್ಲ. ಕೊಡಗಿನಲ್ಲಿ ಮನೆಗಳು ಇರುವುದೇ ಇಳಿಜಾರಿನಲ್ಲಿ. ಮನೆ ಹಿಂದೆ ಒಂದು ಬರೆ, ಅಂದರೆ ಕಡಿದಾದ ಮಣ್ಣಿನ ಏರಿ, ಮುಂದೆ ಇನ್ನೊಂದು ಬರೆ, ನಡುವೆ ಸಮ ಮಾಡಿದ ಅಂಗಳ. ಆದ್ದರಿಂದ ಬುಡ ಎಲ್ಲಿದೆ ಅನ್ನುವುದೇ ಮೊದಲ ಪ್ರಶ್ನೆ.

ಬರೆಯ ಮೇಲೆ ಅಥವಾ ಬರೆಯ ಅಂಚಿನಲ್ಲಿ ಇದ್ದರೆ ದಯವಿಟ್ಟು ಕೀಳಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರು ಅಲ್ಲಿ ಮಣ್ಣನ್ನು ಹಿಡಿದುಕೊಂಡಿರುತ್ತದೆ. ಕಿತ್ತರೆ ಮಣ್ಣು ಸಡಿಲವಾಗುತ್ತದೆ, ಗುಂಡಿಯಲ್ಲಿ ಮಳೆ ನೀರು ನಿಂತು ಒಳಗೆ ಇಳಿಯುತ್ತದೆ, ಬರೆ ಕುಸಿಯಲು ಇಷ್ಟು ಸಾಕು. ಆದರೆ ಸುಮ್ನೆ ಬಿಟ್ಟರೂ ಪೂರ್ತಿ ನಿಶ್ಚಿಂತೆ ಇಲ್ಲ. ಸತ್ತ ಬೇರು ಕೆಲವು ವರ್ಷಗಳಲ್ಲಿ ಕೊಳೆತು ಹಿಡಿತ ಬಿಡುತ್ತದೆ. ಮರ ಕಡಿದ ವರ್ಷ ಏನೂ ಆಗದ ಬರೆ ನಾಲ್ಕೈದು ವರ್ಷದ ಮೇಲೆ ಜಾರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಬುಡವನ್ನು ಬಿಟ್ಟು, ಅದೇ ವರ್ಷ ಪಕ್ಕದಲ್ಲಿ ಬೇರೆ ಬೇರು ಇಳಿಸಿ. ಲಾವಂಚ ಒಳ್ಳೆಯದು. ಅದರ ಬೇರು ಅಡ್ಡ ಹರಡದೆ ನೇರ ಕೆಳಗೆ ಇಳಿಯುತ್ತದೆ, ಆರರಿಂದ ಹತ್ತಡಿವರೆಗೂ ಹೋಗುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಅರ್ಧ ಅಡಿ ಅಂತರದಲ್ಲಿ ಸಾಲಾಗಿ ನೆಡಿ. ಸಾಲು ಇಳಿಜಾರಿಗೆ ಅಡ್ಡ ಇರಬೇಕು, ಮೇಲಿಂದ ಕೆಳಕ್ಕಲ್ಲ.

ಬರೆಯ ಮೇಲಿನ ಮರ ಚಿಗುರುವ ಜಾತಿಯದಾದರೆ ಇನ್ನೂ ಸುಲಭದ ದಾರಿ ಇದೆ. ಹಾಲುವಾಣ, ಗ್ಲಿರಿಸಿಡಿಯಾ ಇಂಥವನ್ನು ಸೊಂಟದ ಎತ್ತರಕ್ಕೆ ಕಡಿದು ಚಿಗುರಲು ಬಿಡಿ. ಮರ ಕಪಾತು ಮಾಡುವಾಗ ವರ್ಷಕ್ಕೊಮ್ಮೆ ಅದನ್ನೂ ಸವರಿ. ಎತ್ತರ ಹೋಗುವುದಿಲ್ಲ, ಗಾಳಿಗೆ ಬೀಳುವ ಭಯವೂ ಇಲ್ಲ, ಕೆಳಗಿನ ಬೇರು ಮಾತ್ರ ಜೀವಂತ ಇರುತ್ತದೆ.

ಬುಡ ಕಾಫಿ, ಬೆಣ್ಣೆಹಣ್ಣು, ಮೆಣಸಿನ ಬಳ್ಳಿಯ ನಡುವೆ ಇದ್ದರೆ ಲೆಕ್ಕ ತಿರುಗುಮುರುಗು. ಅಲ್ಲಿ ಬುಡ ಉಳಿಸುವುದೇ ಅಪಾಯ. ಅದರ ಕತೆ ಮುಂದೆ ಹೇಳುತ್ತೇನೆ.

ಇನ್ನು ಸಮತಟ್ಟಾದ ಅಂಗಳ, ಹೂತೋಟ, ತರಕಾರಿ ಮಡಿ. ಇಲ್ಲಿ ಕೀಳುವುದೋ, ಕೊಳೆಸುವುದೋ, ಇಟ್ಟುಕೊಳ್ಳುವುದೋ ನಿಮ್ಮಿಷ್ಟ. ಮನೆ ಗೋಡೆಗೆ ತೀರಾ ಹತ್ತಿರ ಇದ್ದರೆ ಮಾತ್ರ ಕೊಳೆಯಲು ಬಿಡಬೇಡಿ. ಗೆದ್ದಲು ಮೊದಲು ಬುಡಕ್ಕೆ ಬರುತ್ತದೆ, ಆಮೇಲೆ ಬಾಗಿಲ ಚೌಕಟ್ಟಿಗೆ.

ಒಂದು ಎಚ್ಚರಿಕೆ. ಬುಡ ಬೀಟೆ, ತೇಗ ಅಥವಾ ಶ್ರೀಗಂಧದ್ದಾದರೆ ಮುಟ್ಟುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಗಂಧದ ಎಣ್ಣೆ ಬೇರಲ್ಲೂ ಇರುತ್ತದೆ, ಹಾಗಾಗಿ ಬೇರಿಗೂ ಬೆಲೆ ಇದೆ. ‘ನಮ್ಮ ಜಾಗ, ನಮ್ಮ ಬೇರು’ ಅನ್ನುವ ವಾದ ಗಂಧದ ವಿಷಯದಲ್ಲಿ ನಡೆಯುವುದಿಲ್ಲ.

ಯಾವ ಮರ, ಎಂಥ ಬೇರು

ಹಾಲುವಾಣವನ್ನು ನಾವು ಬೀಜದಿಂದ ಬೆಳೆಸುವುದು ಕಡಿಮೆ, ಗೂಟ ನೆಡುತ್ತೇವೆ. ಗೂಟದಿಂದ ಬಂದ ಮರಕ್ಕೆ ತಾಯಿ ಬೇರು ಇರುವುದಿಲ್ಲ. ಸುತ್ತ ನಾಲ್ಕು ಬೇರು ಕಡಿದರೆ ಬುಡ ಅಲ್ಲಾಡತೊಡಗುತ್ತದೆ. ಮರವೂ ಮೆದು. ಬಿಟ್ಟರೆ ಎರಡು ಮಳೆಗಾಲದಲ್ಲಿ ಅದೇ ಮಣ್ಣಾಗುತ್ತದೆ. ಇದರ ಸಣ್ಣ ಬೇರನ್ನು ಹುಡುಕಿ ಹುಡುಕಿ ಕೀಳುವ ಕೆಲಸ ಬೇಡ. ಬೇರಲ್ಲಿ ಸಾರಜನಕ ಹಿಡಿಯುವ ಗಂಟು ಇರುತ್ತದೆ, ಕೊಳೆತರೆ ಗಿಡಕ್ಕೆ ಗೊಬ್ಬರ.

ಹಲಸು ಬೇರೆಯೇ ಜಾತಿ. ಬೀಜದಿಂದ ಬಂದ ಹಲಸು ತಾಯಿ ಬೇರನ್ನು ನೇರ ಪಾತಾಳಕ್ಕೆ ಬಿಟ್ಟಿರುತ್ತದೆ. ಕೆಚ್ಚು ಗಟ್ಟಿ, ಗೆದ್ದಲು ಕೂಡ ಬೇಗ ಮುಟ್ಟುವುದಿಲ್ಲ. ಕೊಳೆಯಲಿ ಎಂದು ಕಾದರೆ ವರ್ಷಗಟ್ಟಲೆ ಕಾಯಬೇಕು. ಸಿಲ್ವರ್ ಇವೆರಡರ ನಡುವೆ.

ಇನ್ನು ಹಠಮಾರಿಗಳು. ಸೀಬೆ ಮತ್ತು ಬೀಟೆ ಬುಡದಿಂದ ಅಷ್ಟೇ ಅಲ್ಲ, ದೂರ ಹೋದ ಬೇರಿನಿಂದಲೂ ಮರಿ ಎಬ್ಬಿಸುತ್ತವೆ. ನೀಲಗಿರಿ ಬೊಡ್ಡೆ ಸುತ್ತ ಪೊದೆಯಂತೆ ಚಿಗುರುತ್ತದೆ. ಇವಕ್ಕೆಲ್ಲ ಮದ್ದು ಒಂದೇ. ಚಿಗುರು ಗೇಣುದ್ದ ಆಗುವ ಮೊದಲೇ ಮುರಿಯುತ್ತಾ ಇರಿ. ಎಲೆ ಇಲ್ಲದಿದ್ದರೆ ಬೇರಿಗೆ ಊಟ ಇಲ್ಲ. ಹದಿನೈದು ದಿನಕ್ಕೊಮ್ಮೆ ಕೈಯಲ್ಲಿ ಮುರಿದರೆ ಒಂದು ವರ್ಷದೊಳಗೆ ಸಾಮಾನ್ಯವಾಗಿ ಸೋಲುತ್ತದೆ. ನಡುವೆ ಎರಡು ತಿಂಗಳು ಮರೆತರೆ ಮತ್ತೆ ಒಂದರಿಂದ ಎಣಿಸಬೇಕು!

ಯಾವಾಗ

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಕಕ್ಕಡದ, ಅಂದರೆ ಆಟಿ ತಿಂಗಳ ಮಳೆಯಲ್ಲಿ ಗುಂಡಿ ತೋಡಿದರೆ ಅದು ಕೆರೆ. ಜನವರಿ, ಫೆಬ್ರವರಿಯಲ್ಲಿ ಮಣ್ಣು ಇಟ್ಟಿಗೆ, ಮೇಲಾಗಿ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಒಳ್ಳೆಯ ಸಮಯ ಎರಡು. ಒಂದು, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಬರುವ ಸುಗ್ಗಿ ಹಬ್ಬ ಪುತ್ತರಿವರೆಗೆ. ಮಣ್ಣಲ್ಲಿ ಹಸಿ ಇರುತ್ತದೆ, ಮಳೆ ಬಿಟ್ಟಿರುತ್ತದೆ. ಇನ್ನೊಂದು, ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುವಾರ. ನನಗೆ ಎರಡನೆಯದೇ ಇಷ್ಟ. ಗುಂಡಿ ಮುಚ್ಚಿ ಮಣ್ಣು ಕೂರಲು ಮಳೆಗಾಲದವರೆಗೆ ಟೈಮ್ ಸಿಗುತ್ತದೆ.

ಕೀಳುವುದಾದರೆ

ಈ ಕೆಲಸ ಮರ ಕಡಿಯುವ ದಿನವೇ ಶುರುವಾಗುತ್ತದೆ. ಬುಡ ಕೀಳುವ ಯೋಚನೆ ಇದ್ದರೆ ಗರಗಸದವರಿಗೆ ನಾಲ್ಕಡಿ ಬಿಟ್ಟು ಕೊಯ್ಯಲು ಹೇಳಿ. ಆ ನಾಲ್ಕಡಿಯೇ ನಿಮಗೆ ಸನ್ನೆಕೋಲು. ಬೇರು ಕಡಿದ ಮೇಲೆ ಅದನ್ನು ಹಿಡಿದು ಅತ್ತಿತ್ತ ತಳ್ಳಬಹುದು. ಕೊಳೆಸುವ ಯೋಚನೆ ಇದ್ದರೆ ನೆಲಮಟ್ಟಕ್ಕೆ ಕೊಯ್ಯಿಸಿ. ನಮ್ಮದು ಎರಡಡಿ. ಸನ್ನೆಗೆ ಸಾಲದು, ಎಡವುವುದೂ ತಪ್ಪದು.

ಬೇಕಾಗುವುದು ಒಂದು ಗುದ್ದಲಿ, ಒಂದು ಪಿಕಾಸಿ, ಐದಡಿ ಹಾರೆ, ಒಂದು ಹಳೇ ಕೊಡಲಿ, ಒಂದು ಕೈ ಗರಗಸ, ನೀರಿನ ಪೈಪು. ಕೊಡಲಿ ಹಳೆಯದೇ ಇರಲಿ, ಯಾಕೆಂದು ಆಮೇಲೆ ಗೊತ್ತಾಗುತ್ತದೆ. ಕಾಲಿಗೆ ಗಮ್‌ಬೂಟು, ಕೈಗೆ ದಪ್ಪ ಗ್ಲೌಸು. ಹಳೆಯ ಬುಡದ ಪೊಟರೆಯಲ್ಲಿ ಏನಿರುತ್ತದೋ ಹೇಳಲಾಗದು. ಚೇಳು, ಕೆಂಪಿರುವೆ, ಕಡಜದ ಗೂಡು, ಹಾವು, ಯಾವುದೂ ಇರಬಹುದು. ಮೊದಲು ದೂರದಿಂದ ಉದ್ದ ಕೋಲಲ್ಲಿ ಬಡಿದು ನೋಡಿ. ಪೊಟರೆಗೆ ಕೈ ಹಾಕಬೇಡಿ.

ನೀರಿನ ಪೈಪು, ಕರೆಂಟಿನ ಅರ್ಥಿಂಗ್ ತಂತಿ, ಪಾಯಖಾನೆ ಗುಂಡಿಯ ಪೈಪು ಎಲ್ಲಿ ಹೋಗಿದೆ ಅಂತ ಮನೆಯ ಹಿರಿಯರನ್ನು ಕೇಳಿಕೊಳ್ಳಿ. ನಾನು ಕೇಳಲಿಲ್ಲ. ಮೊದಲ ಅರ್ಧ ಗಂಟೆಯಲ್ಲೇ ಅಡುಗೆ ಮನೆಯ ನಲ್ಲಿ ನಿಂತಿತು.

ಬೊಡ್ಡೆಯಿಂದ ಎರಡಡಿ ದೂರಕ್ಕೆ ಸುತ್ತಲೂ ಒಂದು ಗೆರೆ ಎಳೆಯಿರಿ. ಆ ಗೆರೆಯ ಒಳಗಿನ ಮಣ್ಣನ್ನು ಒಂದೂವರೆ ಅಡಿ ಆಳಕ್ಕೆ ತೆಗೆಯಿರಿ. ಮೊದಲು ಗುದ್ದಲಿ, ಬೇರು ಕಂಡಲ್ಲಿ ಹಾರೆಯ ತುದಿಯಿಂದ ಕೆದಕುವುದು. ಬಹುತೇಕ ಪಕ್ಕದ ಬೇರು ಮೇಲಿನ ಎರಡಡಿಯಲ್ಲೇ ಇರುತ್ತದೆ. ಮೇಲ್ಮಣ್ಣನ್ನು ಒಂದು ಕಡೆ, ಕೆಳಗಿನ ಕೆಂಪು ಮಣ್ಣನ್ನು ಇನ್ನೊಂದು ಕಡೆ ರಾಶಿ ಹಾಕಿ. ಮುಚ್ಚುವಾಗ ಬೇಕಾಗುತ್ತದೆ.

ಎಲ್ಲರೂ ತಪ್ಪುವುದು ಇಲ್ಲೇ. ಮೊದಲ ಬೇರು ಕಂಡ ತಕ್ಷಣ ಕೊಡಲಿ ಎತ್ತುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಒಂದು ಏಟು ಬೇರಿಗೆ, ಮೂರು ಏಟು ಕಲ್ಲಿಗೆ. ಪಕ್ಕದ ತೋಟದ ಮಾವ ಬೇಲಿ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದರು.

“ಏನ್ ಮಾಡ್ತಾ ಇದ್ದೀಯ?”

“ಬೇರು ಕಡೀತಿದ್ದೀನಿ ಮಾವ.”

“ಬೇರು ಎಲ್ಲಿದೆ? ನಂಗೆ ಮಣ್ಣೇ ಕಾಣ್ತಿರೋದು. ಮೊದ್ಲು ಅದಕ್ಕೆ ಸ್ನಾನ ಮಾಡ್ಸು.”

ಪೈಪು ಹಿಡಿದು ತೊಳೆದ ಮೇಲೆ ಅವರ ಮಾತು ಅರ್ಥವಾಯಿತು. ಮಣ್ಣು ಹೋದ ಬೇರು ನುಣ್ಣಗೆ, ಕಂದು ಬಣ್ಣಕ್ಕೆ, ಎಲ್ಲಿ ಹುಟ್ಟಿ ಎಲ್ಲಿ ಕವಲೊಡೆದಿದೆ ಅಂತ ಸ್ಪಷ್ಟ ಕಾಣುತ್ತದೆ. ಕಡಿದರೆ ಏಟು ಮರಕ್ಕೇ ಬೀಳುತ್ತದೆ. ಮಣ್ಣು, ಸಣ್ಣ ಕಲ್ಲು ಸೇರಿದ್ದರೆ ಕೊಡಲಿ ಬಾಯಿ ಹತ್ತು ನಿಮಿಷದಲ್ಲಿ ಹೋಗುತ್ತದೆ. ಮಿಷನ್ ಗರಗಸವನ್ನಂತೂ ಮಣ್ಣಿನ ಹತ್ತಿರ ತರಲೇಬೇಡಿ. ಚೈನು ಮೊಂಡಾಗುವುದು ಸಣ್ಣ ನಷ್ಟ, ಬೇರಿಗೆ ಸಿಕ್ಕಿ ಹಿಂದಕ್ಕೆ ಎಗರಿದರೆ ದೊಡ್ಡದು.

ಪ್ರತಿ ಬೇರನ್ನೂ ಎರಡು ಕಡೆ ಕಡಿಯಿರಿ. ಒಂದು ಬೊಡ್ಡೆಗೆ ಹತ್ತಿರ, ಇನ್ನೊಂದು ಗೆರೆಯ ಹತ್ತಿರ. ನಡುವಿನ ತುಂಡನ್ನು ಹೊರಗೆ ತೆಗೆದು ಎಸೆಯಿರಿ. ಒಂದೇ ಕಡೆ ಕಡಿದು ಬಿಟ್ಟರೆ ಕಾಲಿಡಲು, ಕೊಡಲಿ ಬೀಸಲು ಜಾಗವೇ ಇರುವುದಿಲ್ಲ. ತೋಳಿನ ದಪ್ಪದವಕ್ಕೆ ಕೊಡಲಿ, ಬೆರಳಿನ ದಪ್ಪದವಕ್ಕೆ ಕತ್ತಿ ಸಾಕು. ಗೆರೆಯ ಆಚೆಗೆ ಹೋದ ಬೇರಿನ ಗೋಜಿಗೆ ಹೋಗಬೇಡಿ, ಅದು ಅಲ್ಲೇ ಕೊಳೆಯುತ್ತದೆ. ಸೀಬೆ, ಬೀಟೆ ಆದರೆ ಮಾತ್ರ ಕೈಗೆ ಸಿಕ್ಕಷ್ಟು ಎಳೆದು ತೆಗೆಯಿರಿ.

ಪಕ್ಕದ ಬೇರೆಲ್ಲ ಕಡಿದಾದ ಮೇಲೆ ಬೊಡ್ಡೆಯನ್ನು ತಳ್ಳಿ ನೋಡಿ. ಸ್ವಲ್ಪ ಅಲ್ಲಾಡಿದರೆ ಅರ್ಧ ಗೆದ್ದಿರಿ. ಅಲ್ಲಾಡದಿದ್ದರೆ ಅಡಿಯಲ್ಲಿ ಇನ್ನೊಂದು ಬೇರು ಅಡಗಿದೆ. ಒಂದು ಕಡೆಯಿಂದ ಅಡಿಗೆ ಮಣ್ಣು ಕೆದಕಿ, ಪೈಪಿನ ನೀರು ಬಿಟ್ಟು, ತಾಯಿ ಬೇರು ಕಾಣುವಷ್ಟು ಜಾಗ ಮಾಡಿಕೊಳ್ಳಿ. ಅದನ್ನು ಕೈ ಗರಗಸದಲ್ಲಿ ಕೊಯ್ಯುವುದು ಒಳ್ಳೆಯದು. ಇಬ್ಬರಿರಲಿ. ಒಬ್ಬರು ಬೊಡ್ಡೆಯನ್ನು ಆಚೆಗೆ ಒತ್ತಿ ಹಿಡಿದರೆ ಕೊಯ್ದ ಬಾಯಿ ಬಿಚ್ಚಿಕೊಳ್ಳುತ್ತದೆ, ಗರಗಸ ಸಿಕ್ಕಿಕೊಳ್ಳುವುದಿಲ್ಲ. ಬೊಡ್ಡೆ ಉರುಳುವ ಕಡೆ ಯಾರೂ ಗುಂಡಿಯೊಳಗೆ ನಿಂತಿರಬಾರದು.

ಸಿಲ್ವರ್ ಬುಡಕ್ಕೆ ನಮಗೆ ಮೂರು ಭಾನುವಾರ ಹಿಡಿಯಿತು. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಮಾಡಲಿಲ್ಲ. ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಹೊರಟರೆ ಮರುದಿನ ಸೊಂಟಕ್ಕೆ ಎಣ್ಣೆ ಉಜ್ಜಿಸಿಕೊಂಡು ಮಲಗಬೇಕು.

ಜೀಪಿನ ಕತೆ

ಮೂರು ಭಾನುವಾರಕ್ಕೂ ಮೊದಲು ಒಂದು ಶನಿವಾರ ಇತ್ತು. ‘ಜೀಪು ಇರುವಾಗ ಅಗೆಯೋದು ಯಾಕೆ’ ಎಂದು ಬೊಡ್ಡೆಗೆ ನೈಲಾನ್ ಹಗ್ಗ ಸುತ್ತಿ, ಜೀಪಿನ ಮುಂದಿನ ಕೊಂಡಿಗೆ ಕಟ್ಟಿ ರಿವರ್ಸ್ ಹಾಕಿದೆ. ಹಗ್ಗ ಎಳೆದುಕೊಂಡಿತು, ತೆಳ್ಳಗಾಯಿತು, ಆಮೇಲೆ ಕೋವಿ ಹೊಡೆದಂಥ ಸದ್ದು. ತುಂಡಾದ ಹಗ್ಗ ವಾಪಸ್ ಬಂದು ಎಡಗಡೆಯ ಹೆಡ್‌ಲೈಟ್ ಒಡೆಯಿತು. ನನ್ನ ಮಗ ಅದೇ ಕಡೆ ನಿಂತಿದ್ದ, ಒಂದು ನಿಮಿಷದ ಹಿಂದೆಯಷ್ಟೇ ನೀರು ಕುಡಿಯಲು ಒಳಗೆ ಹೋಗಿದ್ದ. ಬುಡ ಒಂದಿಂಚೂ ಅಲ್ಲಾಡಿರಲಿಲ್ಲ.

ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗುತ್ತದೆ. ಕಡಿದರೆ ಆ ಬಲವೆಲ್ಲ ಹಿಂದಕ್ಕೆ ಚಾಟಿಯಾಗುತ್ತದೆ. ಗಾಡಿಯಲ್ಲಿ ಎಳೆಯಬೇಡಿ, ಅಷ್ಟೇ. ಬೇರೆಲ್ಲ ಕಡಿದು ಮುಗಿದ ಮೇಲೆ ಬುಡವನ್ನು ಗುಂಡಿಯಿಂದ ಎತ್ತಲು ಚೈನ್ ಪುಲ್ಲಿ ಬಳಸಿ. ನಿಧಾನ, ಆದರೆ ಹಿಡಿತ ನಿಮ್ಮ ಕೈಯಲ್ಲೇ ಇರುತ್ತದೆ. ಅದನ್ನು ಇನ್ನೊಂದು ಒಳ್ಳೆ ಮರಕ್ಕೆ ಕಟ್ಟುವುದಾದರೆ ತೊಗಟೆಗೆ ಗೋಣಿ ಸುತ್ತಿ.

ಜೆಸಿಬಿ? ಬುಡ ನಾಲ್ಕಕ್ಕಿಂತ ಜಾಸ್ತಿ ಇದ್ದು, ಗಾಡಿ ಬರಲು ದಾರಿ ಇದ್ದರೆ ಕರೆಸಿ, ಗಂಟೆ ಲೆಕ್ಕದಲ್ಲಿ ಮುಗಿಯುತ್ತದೆ. ಒಂದೇ ಬುಡಕ್ಕೆ ಕರೆಸಿದರೆ ಅಂಗಳದ ಮಣ್ಣು ಗಟ್ಟಿಯಾಗಿ, ಹೂವಿನ ಸಾಲು ಪುಡಿಯಾಗಿ, ಆಮೇಲೆ ಒಂದು ವರ್ಷ ರಿಪೇರಿ. ಗೋಡೆಯಿಂದ ಏಳೆಂಟು ಅಡಿಯೊಳಗಿನ ಬುಡವನ್ನು ಜೆಸಿಬಿಯಲ್ಲಿ ಎತ್ತಿಸಬೇಡಿ. ಬೇರು ಪಾಯದ ಅಡಿಗೆ ಹೋಗಿದ್ದರೆ ಕಲ್ಲನ್ನೂ ಜೊತೆಗೆ ಎಳೆದು ತರುತ್ತದೆ.

ಕೊಳೆಸುವುದಾದರೆ

ಮರ ತಾನಾಗಿ ಕೊಳೆಯುವುದಿಲ್ಲ, ಅಣಬೆ ಜಾತಿಯ ಶಿಲೀಂಧ್ರ ಅದನ್ನು ತಿನ್ನುತ್ತದೆ. ಅದಕ್ಕೆ ಬೇಕಾದ್ದು ಹಸಿ, ಗಾಳಿ, ಸ್ವಲ್ಪ ಸಾರಜನಕ. ನಾವು ಮಾಡುವುದೆಲ್ಲ ಈ ಮೂರನ್ನು ಒದಗಿಸುವುದು.

ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ಯಿಸಿ. ಡ್ರಿಲ್ ಮಿಷನ್‌ಗೆ ಒಂದಿಂಚಿನ ಬಿಟ್ ಹಾಕಿ, ಇಲ್ಲವೇ ಬಡಗಿಯ ಬೈರಿಗೆಯಲ್ಲಿ, ನಾಲ್ಕು ಬೆರಳು ಅಂತರಕ್ಕೊಂದರಂತೆ ಒಂದು ಗೇಣು ಆಳದ ತೂತು ಕೊರೆಯಿರಿ. ಸಗಣಿ ನೀರು ಗಟ್ಟಿಯಾಗಿ ಕಲಸಿ ತೂತಿಗೆ ತುಂಬಿ. ಸಗಣಿ ಇಲ್ಲದವರು ಒಂದೊಂದು ಚಮಚ ಯೂರಿಯಾ ಹಾಕಿ ನೀರು ಬಿಡಬಹುದು. ಮೇಲೆ ಒದ್ದೆ ಗೋಣಿ, ಅದರ ಮೇಲೆ ತರಗೆಲೆ, ಕಾಫಿ ಸಿಪ್ಪೆ, ಏನಿದೆಯೋ ಅದು. ಮಳೆಗಾಲದಲ್ಲಿ ನೋಡುವ ಅಗತ್ಯವಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ಒಣಗಿದರೆ ಕೊಳೆಯುವುದು ನಿಲ್ಲುತ್ತದೆ. ಎರಡನೇ ಮಳೆಗಾಲ ಮುಗಿದ ಮೇಲೆ ಹಾರೆಯಲ್ಲಿ ಕುಕ್ಕಿ ನೋಡಿ. ಮೆದು ಮರವಾದರೆ ಪುಡಿಪುಡಿಯಾಗಿ ಬರುತ್ತದೆ.

ನನ್ನ ದಡ್ಡತನ ಇಲ್ಲಿಯದು. ‘ತೂತು ಮಾಡಿ ಮೈಲುತುತ್ತ ಹಾಕು, ಮರ ಸುಟ್ಟು ಹೋಗುತ್ತೆ’ ಎಂದು ಯಾರೋ ಹೇಳಿದರು. ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಹೊಡೆಯಲು ತಂದದ್ದು ಮನೆಯಲ್ಲೇ ಇತ್ತು. ಎರಡು ಹಿಡಿ ತುಂಬಿಸಿದೆ. ಮುಂದಿನ ವರ್ಷ ನೋಡಿದರೆ ಬೊಡ್ಡೆ ಮೊದಲಿಗಿಂತ ಚೆನ್ನಾಗಿದೆ! ಆಮೇಲೆ ಹೊಳೆಯಿತು. ಬೋರ್ಡೋ ಹೊಡೆಯುವುದೇ ಶಿಲೀಂಧ್ರ ಸಾಯಲಿ ಅಂತ. ಮರ ತಿನ್ನಬೇಕಾದ ಶಿಲೀಂಧ್ರಕ್ಕೆ ನಾನೇ ವಿಷ ಹಾಕಿ ಬೊಡ್ಡೆಗೆ ಕಾವಲು ಕಾದಿದ್ದೆ. ಮೈಲುತುತ್ತದಲ್ಲಿರುವುದು ತಾಮ್ರ, ಮರ ಕೆಡದ ಹಾಗೆ ಹಚ್ಚುವ ಕೆಲವು ಮದ್ದುಗಳಲ್ಲೂ ಅದೇ ಇರುತ್ತದೆ.

ಉಪ್ಪು ಸುರಿಯುವವರಿದ್ದಾರೆ. ಬುಡ ಸಾಯಬಹುದು, ಆದರೆ ಮಳೆಗೆ ಕರಗಿ ಸುತ್ತಲಿನ ಗಿಡವೂ ಸಾಯುತ್ತದೆ. ಸೀಮೆಎಣ್ಣೆ, ಡೀಸೆಲ್ ಬಾವಿಗೆ ಇಳಿಯುತ್ತದೆ. ಬೆಂಕಿ ಹಾಕುವುದು ಇನ್ನೂ ಕೆಟ್ಟದ್ದು. ಮೇಲೆ ಆರಿದಂತೆ ಕಂಡರೂ ಬೇರಿನೊಳಗೆ ಕೆಂಡ ದಿನಗಟ್ಟಲೆ ಹರಿದಾಡುತ್ತದೆ. ಬೇಸಿಗೆಯಲ್ಲಿ ತರಗೆಲೆಯ ನಡುವೆ ಎಲ್ಲಿ ಏಳುತ್ತದೋ ಗೊತ್ತಿಲ್ಲ.

ಅಂದ ಹಾಗೆ, ಮಳೆಗಾಲದಲ್ಲಿ ಬುಡದ ಮೇಲೆ ಅಣಬೆ ಏಳುತ್ತದೆ. ಕುಮ್ಮು (ಅಣಬೆಗೆ ಕೊಡವರ ಹೆಸರು) ಕಂಡರೆ ನಮಗೆಲ್ಲ ಬಾಯಲ್ಲಿ ನೀರು ಬರುತ್ತದೆ, ಅಲ್ವಾ? ಆದರೆ ನಾವು ತಿನ್ನುವುದರಲ್ಲಿ ಹೆಚ್ಚಿನವು ಹುತ್ತದ ನೆಲದಿಂದ ಏಳುವಂಥವು. ಬುಡದ ಮೇಲಿನದು ಯಾವುದೆಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಪಾತ್ರೆಗೆ ಹಾಕಬೇಡಿ.

ಕಾಫಿಯ ನಡುವೆ ಬುಡ ಇದ್ದರೆ

ಈಗ ಆಗಲೇ ಹೇಳಿದ ಅಪಾಯ. ನೆರಳಿನ ಮರ ಕಡಿದು ಬುಡ ಬಿಟ್ಟರೆ ಅದು ಬೇರು ರೋಗಕ್ಕೆ ಅನ್ನದ ಗುಂಡಿ. ಕಂದು ಬೇರು ರೋಗಕ್ಕೆ ಬುಡ ಕೊಳೆ ರೋಗ ಅಂತಲೂ ಹೆಸರು ಬಂದಿರುವುದು ಸುಮ್ನೆ ಅಲ್ಲ. ಶಿಲೀಂಧ್ರ ಸತ್ತ ಬುಡದಲ್ಲಿ ನೆಲೆ ನಿಂತು, ಬೇರಿಗೆ ಬೇರು ತಾಗಿದಲ್ಲಿ ಪಕ್ಕದ ಕಾಫಿಗೆ ದಾಟುತ್ತದೆ. ಗಿಡ ಹಳದಿಯಾಗುತ್ತದೆ, ಎಲೆ ಉದುರುತ್ತದೆ, ಕೊನೆಗೆ ನಿಂತಲ್ಲೇ ಒಣಗುತ್ತದೆ. ಕಿತ್ತು ನೋಡಿದರೆ ಬೇರಿಗೆ ಮಣ್ಣು, ಮರಳು ಅಂಟಿಕೊಂಡು ಹೊಪ್ಪಳೆ ಕಟ್ಟಿರುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಳಗಿನ ಮರದಲ್ಲಿ ಕಂದು ಗೆರೆ ಅಂಕುಡೊಂಕಾಗಿ ಓಡಿರುತ್ತದೆ.

ಹಾಗಾಗಿ ಇಲ್ಲಿ ಕೊಳೆಸುವ ಯೋಚನೆ ಬೇಡ, ಕೀಳಿ. ಇನ್ನೂ ಮರ ಕಡಿದಿಲ್ಲವಾದರೆ ಒಂದು ಹಳೆಯ ಉಪಾಯ ಇದೆ. ಕಡಿಯುವ ಒಂದು ವರ್ಷ ಮೊದಲೇ ಬುಡದ ಹತ್ತಿರ ಸುತ್ತಲೂ ಒಂದು ಪಟ್ಟಿ ತೊಗಟೆ ಸುಲಿದು ಬಿಡಿ. ಎಲೆಯ ಆಹಾರ ಬೇರಿಗೆ ಇಳಿಯುವುದು ನಿಲ್ಲುತ್ತದೆ. ಬೇರಿನಲ್ಲಿ ಕೂಡಿಟ್ಟ ಗಂಜಿ ಖರ್ಚಾಗುತ್ತದೆ. ಕಡಿದ ಮೇಲೆ ರೋಗಕ್ಕೆ ಅಲ್ಲಿ ಊಟ ಕಡಿಮೆ. ಮನೆ ಪಕ್ಕದ ಮರಕ್ಕೆ ಹೀಗೆ ಮಾಡಬೇಡಿ, ಒಣಗಿ ನಿಂತ ಮರ ಯಾವ ಗಾಳಿಗೆ ಬೀಳುತ್ತದೋ.

ರೋಗ ಈಗಾಗಲೇ ಕಂಡಿದ್ದರೆ ಗಿಡವನ್ನು ಬೇರು ಸಹಿತ ಕಿತ್ತು ಅಲ್ಲೇ ಸುಡಿ. ಬೆಂಕಿ ಬೇಡ ಎಂದ ನಾನು ಸುಡಿ ಅನ್ನುವುದು ಇಲ್ಲಿ ಮಾತ್ರ, ಅದೂ ಕಿತ್ತ ಮೇಲೆ, ಎದುರು ನಿಂತು. ಪಕ್ಕದಲ್ಲಿ ಆರೋಗ್ಯವಾಗಿ ಕಾಣುವ ಒಂದು ಸುತ್ತು ಗಿಡಗಳನ್ನೂ ಸೇರಿಸಿ ಆಚೆಗೆ ಎರಡಡಿ ಆಳ, ಒಂದಡಿ ಅಗಲದ ಚರಂಡಿ ತೋಡಿ. ತೆಗೆದ ಮಣ್ಣನ್ನು ವೃತ್ತದ ಒಳಕ್ಕೇ ಹಾಕಿ, ಹೊರಗೆ ಚೆಲ್ಲಿದರೆ ರೋಗವನ್ನು ನೀವೇ ದಾಟಿಸಿದಂತೆ. ಗುಂಡಿಗೆ ಒಂದೆರಡು ಕಿಲೋ ಸುಣ್ಣ ಹಾಕಿ. ಎರಡು ಮೂರು ವಾರ ಬಿಟ್ಟು ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಕಲಸಿದ ಕೊಟ್ಟಿಗೆ ಗೊಬ್ಬರ ಕೊಡಿ. ನೂರು ಕಿಲೋ ಗೊಬ್ಬರಕ್ಕೆ ಒಂದು ಕಿಲೋ ಟ್ರೈಕೋಡರ್ಮಾ ಬೆರೆಸಿ, ನೆರಳಲ್ಲಿ ಹಸಿ ಆರದಂತೆ ಹತ್ತು ಹದಿನೈದು ದಿನ ಇಟ್ಟು ಆಮೇಲೆ ಬಳಸುವುದು. ಅನುಮಾನ ಇದ್ದರೆ ಬೇರಿನ ತುಂಡು ಕಟ್ಟಿಕೊಂಡು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೋ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ. ಫೋಟೋಗಿಂತ ಬೇರಿನ ತುಂಡೇ ಮೇಲು.

ಇಟ್ಟುಕೊಳ್ಳುವ ಮನಸ್ಸಿದ್ದರೆ

ಹಲಸಿನಂಥ ಗಟ್ಟಿ ಬೊಡ್ಡೆಯನ್ನು ಕೀಳುವ ಕಷ್ಟಕ್ಕಿಂತ ಅದಕ್ಕೆ ಸೀತಾಳೆ (ಆರ್ಕಿಡ್) ಕಟ್ಟುವುದು ಸುಖ. ತೊಗಟೆ ಇರುವ ಕಡೆ ತೆಂಗಿನ ನಾರು ಇಟ್ಟು ಹಳೆ ಸೀರೆಯ ಪಟ್ಟಿಯಿಂದ ಬಿಗಿದರೆ ಒಂದು ಮಳೆಗಾಲದಲ್ಲಿ ಬೇರು ಹಿಡಿಯುತ್ತದೆ. ನಮ್ಮ ಅತ್ತಿಗೆ ನಡುವಿನ ಪೊಟರೆಗೆ ಎಲೆಗೊಬ್ಬರ ತುಂಬಿ ಬಿಗೋನಿಯಾ ಇಟ್ಟಿದ್ದಾರೆ. ವರ್ಷಕ್ಕೊಮ್ಮೆ ಕಾಲಲ್ಲಿ ಒದ್ದು ನೋಡಿ, ಅಲ್ಲಾಡಿದರೆ ಮಕ್ಕಳು ಹತ್ತುವ ಮೊದಲು ತೆಗೆದುಬಿಡಿ.

ಗುಂಡಿ ಮುಚ್ಚುವುದು

ಕಡಿದ ಬೇರಿನ ಚೂರು, ಗರಗಸದ ಹೊಟ್ಟು ಎಲ್ಲ ಗುಂಡಿಗೇ ತುಂಬಿ ಮುಚ್ಚಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ತಿನ್ನುತ್ತದೆ, ಮೇಲೆ ನೆಟ್ಟ ಗಿಡ ಹಳದಿಯಾಗುತ್ತದೆ. ರೋಗ ಇಲ್ಲದ ಚೂರನ್ನು ಒಣಗಿಸಿ ಒಲೆಗೆ ಹಾಕಿ. ಬೇರಿನ ಕಟ್ಟಿಗೆ ನೀರೊಲೆಗೆ ಚೆನ್ನಾಗಿ ಉರಿಯುತ್ತದೆ. ಅಡಿಗೆ ಕೆಂಪು ಮಣ್ಣು, ಮೇಲೆ ಮೇಲ್ಮಣ್ಣು, ಅರ್ಧ ಅಡಿಗೊಮ್ಮೆ ತುಳಿದು ಕೂರಿಸಿ. ನಮ್ಮ ಮಣ್ಣು ಹುಳಿ, ಒಂದೆರಡು ಹಿಡಿ ಸುಣ್ಣ ಕಲಸಿದರೆ ಒಳ್ಳೆಯದು.

ಅಲ್ಲೇ ತಕ್ಷಣ ಬೆಣ್ಣೆಹಣ್ಣೋ ಕಾಫಿಯೋ ನೆಡುವ ಆತುರ ಬೇಡ. ಒಂದು ವರ್ಷ ಅಲಸಂದೆ, ಬೀನ್ಸ್, ಚೆಂಡುಹೂವು ಏನಾದರೂ ಹಾಕಿ. ಮುಚ್ಚುವಾಗ ನೆಲಕ್ಕಿಂತ ಒಂದು ಗೇಣು ಎತ್ತರ ಮಾಡಿ. ಎಷ್ಟು ತುಳಿದರೂ ಜೂನ್ ಕಳೆಯುವಷ್ಟರಲ್ಲಿ ಅದು ತಗ್ಗುತ್ತದೆ, ದೂರದ ಬೇರು ಕೊಳೆತಂತೆಲ್ಲ ಇನ್ನೂ ಎರಡು ವರ್ಷ ಅಲ್ಲಲ್ಲಿ ಕಾಲು ಹೂಳುತ್ತದೆ. ನಾಲ್ಕು ಬುಟ್ಟಿ ಮಣ್ಣು ತಗಡು ಮುಚ್ಚಿ ಪಕ್ಕದಲ್ಲಿಟ್ಟಿರಿ, ಆಗ ಬೇಕಾಗುತ್ತದೆ.